ಬಸುರಿಯನ್ನು ಕೂರಿಸಬೇಡಿ
ಬಸುರಿ ಎಂದು ಗೊತ್ತಾದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಮಾತು ‘ನೀನು ಕೂತ್ಕೋ ತಾಯಿ, ನಾನು ಮಾಡ್ತೀನಿ’. ಮಮತೆಯ ಮಾತೇ, ಆದರೆ ಮೈಗೆ ಬೇಕಾದದ್ದು ಅದಲ್ಲ. ಐದನೇ ತಿಂಗಳು ದಾಟುತ್ತಿದ್ದಂತೆ ಮಾಸಿನಲ್ಲಿ ತಯಾರಾಗುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ನಡೆಯುವ ಕಾಲಿನ ಸ್ನಾಯುಗಳೋ ಇನ್ಸುಲಿನ್ನಿಗೆ ಅಷ್ಟಾಗಿ ಕಾಯದೆ ಆ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಮಾತಾಡಲು ಉಸಿರು ಉಳಿಯುವಷ್ಟು ಬಿರುಸಿನ ನಡಿಗೆ, ವಾರಕ್ಕೆ 150 ನಿಮಿಷ ಸಾಕು. ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆಯ ಅಪಾಯ ಪೂರ್ತಿ ಹೋಗದು, ತಗ್ಗುತ್ತದೆ. ಹಾಗಾಗಿ 24ರಿಂದ 28ನೇ ವಾರದ ನಡುವೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ಮಾಡುವ ರಕ್ತಪರೀಕ್ಷೆಯನ್ನು ಯಾರೂ ತಪ್ಪಿಸಬಾರದು. ರಕ್ತಸ್ರಾವವೋ ಬಿಪಿಯೋ ಇದ್ದವರು ಡಾಕ್ಟರನ್ನು ಕೇಳಿಯೇ ಹೊರಡಲಿ. ಉಳಿದವರಿಗೆ ಸೀಮಂತದ ಸೀರೆಯ ಜೊತೆ ಕಾಲಿಗೊಪ್ಪುವ ಚಪ್ಪಲಿಯನ್ನೂ ಕೊಡಿಸಿ. ರಾತ್ರಿ ಊಟವಾದ ಮೇಲೆ ಗಂಡನೂ ಜೊತೆಗೆ ಹೆಜ್ಜೆ ಹಾಕಲಿ.