ಈಜು, ಸೈಕಲ್ಲು, ಓಟ ಮತ್ತು ಮನೆ

ಒಂದೇ ಹವ್ಯಾಸದ ನಾಲ್ವರು ಒಂದೆಡೆ ಕೂಡಿದರೆ ಅವರ ಮಾತಿನ ರೀತಿಯೇ ಬೇರೆ. ರೈತರು ಕೂಡಿದರೆ ಮಳೆಯ ಮಾತು, ವ್ಯಾಪಾರಿಗಳು ಕೂಡಿದರೆ ಧಾರಣೆಯ ಮಾತು, ತಾಯಂದಿರು ಕೂಡಿದರೆ ಮಕ್ಕಳ ಮಾತು. ಹೊರಗಿನವನಿಗೆ ಬೇಸರ ತರುವ ಇಂತಹ ಮಾತುಗಳಲ್ಲಿಯೇ ಆ ಬದುಕಿನ ಒಳಗುಟ್ಟು ಅಡಗಿರುವುದುಂಟು. ಅಂತಹ ಒಂದು ಹೊಸ ಮಂದಿಯ ಮಾತುಕತೆಯನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇನೆ. ಇವರು ಟ್ರಯಥ್ಲಾನ್ ಎಂಬ ಸ್ಪರ್ಧೆಯವರು. ಬೆಂಗಳೂರು, ಪುಣೆಗಳಲ್ಲಿ ನೌಕರಿಯಲ್ಲಿರುವ ನಮ್ಮ ಮನೆಗಳ ಯುವಕ ಯುವತಿಯರೂ, ಯುವಕರೆನ್ನಲಾಗದೆ ನಲವತ್ತು ದಾಟಿದವರೂ ಇತ್ತೀಚೆಗೆ ಇದಕ್ಕೆ ಮನಸೋಲುತ್ತಿರುವುದರಿಂದ ಇದು ನಮಗೆ ದೂರದ ಸಂಗತಿಯಾಗಿ ಉಳಿದಿಲ್ಲ.

ಈಜುವುದು, ಸೈಕಲ್ಲು ತುಳಿಯುವುದು, ಓಡುವುದು: ಈ ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದರ ಬೆನ್ನಿಗೊಂದು ಮಾಡಿ ಮುಗಿಸುವುದೇ ಈ ಸ್ಪರ್ಧೆಯ ಸ್ವರೂಪ. 2000ದಲ್ಲಿ ಸಿಡ್ನಿಯಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಮೊದಲ ಬಾರಿ ಸ್ಥಾನ ದೊರೆಯಿತು. ಅಲ್ಲಿ ಈಜು ಒಂದೂವರೆ ಕಿಲೋಮೀಟರು, ಸೈಕಲ್ಲು 40, ಓಟ 10. ಆದರೆ ಜನಸಾಮಾನ್ಯರನ್ನು ಮರುಳುಮಾಡಿರುವುದು ಇದಕ್ಕಿಂತ ಬಹು ದೀರ್ಘವಾದ 'ಐರನ್‌ಮ್ಯಾನ್'. ಅದರಲ್ಲಿ ಈಜು 3.8 ಕಿಲೋಮೀಟರು, ಸೈಕಲ್ಲು 180, ಕೊನೆಗೆ 42 ಕಿಲೋಮೀಟರಿನ ಮ್ಯಾರಥಾನ್ ಓಟ.

ಈ ದೀರ್ಘ ಸ್ಪರ್ಧೆ ಹುಟ್ಟಿದುದೇ ಹರಟೆಯಿಂದ ಎಂಬುದು ಸ್ವಾರಸ್ಯಕರವಾದ ವಿಷಯ. ಅಮೆರಿಕದ ನೌಕಾಪಡೆಯಲ್ಲಿದ್ದ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಎಪ್ಪತ್ತರ ದಶಕದಲ್ಲಿ ಸ್ಯಾನ್ ಡಿಯಾಗೋ ನಗರದಲ್ಲಿ ಚಿಕ್ಕ ಟ್ರಯಥ್ಲಾನ್‌ಗಳ ರುಚಿ ಕಂಡವರು. ಅನಂತರ ಅವರು ಹವಾಯಿ ದ್ವೀಪಗಳ ಹೊನಲುಲುವಿಗೆ ಬಂದರು. 1977ರಲ್ಲಿ ಅಲ್ಲಿ ಒಂದು ಓಟದ ಬಹುಮಾನ ಸಮಾರಂಭದಲ್ಲಿ, ಓಟಗಾರನ ಕಸುವು ಹೆಚ್ಚೋ ಈಜುಗಾರನ ಕಸುವು ಹೆಚ್ಚೋ ಎಂಬ ವಾದ ಎದ್ದಿತು. ಸೈಕಲ್ಲಿನವನನ್ನು ಮರೆಯಬೇಡಿರೆಂದು ಕಾಲಿನ್ಸ್ ನಡುವೆ ಬಾಯಿಹಾಕಿದರು. ದ್ವೀಪದಲ್ಲಿ ಬೇರೆಬೇರೆಯಾಗಿ ನಡೆಯುತ್ತಿದ್ದ ಒಂದು ಕಡಲ ಈಜು, ಒಂದು ಸೈಕಲ್ ಸ್ಪರ್ಧೆ, ಒಂದು ಮ್ಯಾರಥಾನ್, ಮೂರನ್ನೂ ಒಂದೇ ದಿನ ಮುಗಿಸಿದವನೇ ಉಕ್ಕಿನ ಮನುಷ್ಯನೆಂದು ತೀರ್ಮಾನವಾಯಿತು. 1978ರ ಫೆಬ್ರವರಿ 18ರಂದು 15 ಮಂದಿ ಹೊರಟರು. 12 ಮಂದಿ ಮುಟ್ಟಿದರು. ಗೆದ್ದವರಾದ ಗಾರ್ಡನ್ ಹಾಲರ್ ತೆಗೆದುಕೊಂಡ ಕಾಲ 11 ಗಂಟೆ 46 ನಿಮಿಷ 58 ಸೆಕೆಂಡು.

ಆ ಮೊದಲ ಸ್ಪರ್ಧೆಯ ಒಂದು ನಿಯಮವನ್ನು ಇಲ್ಲಿ ಗಮನಿಸಬೇಕು. ದಾರಿಯುದ್ದಕ್ಕೂ ನೀರು, ಆಹಾರ ಕೊಡುವ ಜನರನ್ನು ಪ್ರತಿಯೊಬ್ಬ ಸ್ಪರ್ಧಿಯೂ ತಾನೇ ಕರೆತರಬೇಕಾಗಿತ್ತು. ಎರಡನೆಯವರಾಗಿ ಮುಟ್ಟಿದ ಜಾನ್ ಡನ್‌ಬಾರರ ಕಡೆಯವರಲ್ಲಿ ನೀರು ಮುಗಿದುಹೋಗಿ, ಅವರು ಕೊನೆಗೆ ಬಿಯರ್ ಕೊಟ್ಟರೆಂಬುದು ಆ ಆಟದವರು ಇಂದಿಗೂ ನಕ್ಕು ಹೇಳುವ ಕಥೆ. ನಗುವಿನ ಹಿಂದೆ ಒಂದು ಸತ್ಯವಿದೆ. ಒಬ್ಬನೇ ಓಡುವಂತೆ ತೋರುವ ಈ ಸ್ಪರ್ಧೆಯಲ್ಲಿ ಒಬ್ಬನೇ ಎಂಬುದು ಮೊದಲ ದಿನದಿಂದಲೂ ಇರಲಿಲ್ಲ.

ಹವಾಯಿಯ ಈ ಹುಚ್ಚು ನಮ್ಮ ನೆರೆಗೂ ಬಂದು ತಲುಪಿದೆ. 2019ರ ಅಕ್ಟೋಬರ್ ತಿಂಗಳಲ್ಲಿ ಗೋವೆಯ ಪಣಜಿಯ ಮಿರಾಮಾರ ಕಡಲತೀರದಲ್ಲಿ ಇದರ ಅರ್ಧದಳತೆಯ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು. ಕೋವಿಡ್ ಕಾಲದಲ್ಲಿ ನಿಂತುಹೋಗಿ 2022ರಲ್ಲಿ ಮತ್ತೆ ಆರಂಭವಾಯಿತು. ಈಜು 1.9 ಕಿಲೋಮೀಟರು, ಸೈಕಲ್ಲು 90, ಓಟ 21. ಒಟ್ಟು ಮೈಲುಗಳು 70.3 ಆಗುವುದರಿಂದ ಆ ಅಂಕಿಯೇ ಸ್ಪರ್ಧೆಯ ಹೆಸರಾಗಿದೆ. ಎಂಟೂವರೆ ಗಂಟೆಗಳೊಳಗೆ ಮೂರನ್ನೂ ಮುಗಿಸಬೇಕು.

ಪಣಜಿಯ ಒಂದು ಊಟದ ಮನೆಯಲ್ಲಿ ಇಂತಹ ಮೂವರ ಮಾತು ನನ್ನ ಕಿವಿಗೆ ಬಿದ್ದಿತು. ಒಬ್ಬರು ಹುಬ್ಬಳ್ಳಿಯ ಕಡೆಯವರು, ಇನ್ನಿಬ್ಬರು ಬೆಂಗಳೂರಿನಲ್ಲಿ ನೌಕರಿಯವರು.

"ಅಣ್ಣಾರ, ರೂಮು ಎಲ್ಲಿ ಹಿಡಿದೀರಿ?"

"ಮಿರಾಮಾರದಿಂದ ನಡಕೊಂಡು ಹೋಗೋ ದೂರದಾಗ. ಬೀಚಿನ ಮೋಜಿನ ಕಡೆ ಬ್ಯಾಡ ಅಂದೆ. ರಾತ್ರಿಯೆಲ್ಲ ಗದ್ದಲ, ನಿದ್ದಿ ಆಗಂಗಿಲ್ಲ."

"ಲಿಫ್ಟು ಇದೆಯಾ? ಹೋದ ಸಲ ನಾನು ಸೈಕಲ್ ಹೊತ್ತುಕೊಂಡು ಮೂರು ಮಹಡಿ ಹತ್ತಿದೆ. ಕಾಲಿನ ಕಸುವೆಲ್ಲ ಅಲ್ಲೇ ಹೋಯಿತು."

"ಬೆಳಗಿನ ಮೂರೂವರೆಗೆ ತಿಂಡಿ ಯಾರು ಕೊಡ್ತಾರೆ? ಅದಕ್ಕೇ ನಾನು ಮನೆಯಿಂದಲೇ ಅವಲಕ್ಕಿ ತಂದಿದ್ದೀನಿ. ಬಿಸಿನೀರು ಸಿಕ್ಕರೆ ಸಾಕು."

ಅರ್ಧ ಗಂಟೆ ಮಾತು ಹೀಗೆಯೇ ಸಾಗಿತು. ಗೆಲುವಿನ ಮಾತು ಒಂದೂ ಇಲ್ಲ. ನಿದ್ರೆ, ಅನ್ನ, ಹಾಸಿಗೆ, ಆಫೀಸಿನ ರಜೆ, ಮಗುವನ್ನು ಈಜು ಮುಗಿಯುವ ತನಕ ಯಾರು ಎತ್ತಿಕೊಂಡಿರಬೇಕು ಎಂಬ ಚಿಂತೆ. ಇವೆಲ್ಲ ಮನೆಯ ಮಾತುಗಳಲ್ಲದೆ ಮತ್ತೇನು? ಮೂರು ವಿದ್ಯೆಗಳ ಈ ಆಟಕ್ಕೆ ನಾಲ್ಕನೆಯದೊಂದು ವಿದ್ಯೆ ಇದೆ, ಅದು ಸಂಸಾರ. ಈ ನಾಲ್ಕನೆಯದನ್ನು ನಡೆಸುವವರು ಮನೆಯವರಾದುದರಿಂದ, ಈ ಆಟದ ವಿಷಯದಲ್ಲಿ ಕೇಳಿ ತಿಳಿಯುವ ಹಕ್ಕೂ ಅವರಿಗೆ ಇದೆ.

ಮೊದಲು ಅತಿಥಿಸತ್ಕಾರದ ಮಾತು. ಗೋವೆಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಸ್ಪರ್ಧೆಯ ವಾರದಲ್ಲಿ ಅಣ್ಣನ ಮಗನೋ ತಂಗಿಯ ಅಳಿಯನೋ ಸೈಕಲ್ಲಿನ ಪೆಟ್ಟಿಗೆಯೊಡನೆ ಬಂದಿಳಿಯಬಹುದು. ಅಪರೂಪಕ್ಕೆ ಬಂದ ನೆಂಟನಿಗೆ ಹೋಳಿಗೆ ಮಾಡಿ, ತುಪ್ಪ ಸುರಿದು, ಎಣ್ಣೆಗಾಯಿ ಬಡಿಸಿ ಒತ್ತಾಯಮಾಡುವುದು ನಮ್ಮ ರೂಢಿ. ದಯವಿಟ್ಟು ಆ ಒಂದು ರಾತ್ರಿ ಕೈ ಹಿಡಿಯಿರಿ. ಸ್ಪರ್ಧೆಯ ಹಿಂದಿನ ದಿನ ಹೊಸ ಆಹಾರವನ್ನು ತಿನ್ನಬಾರದೆಂಬುದು ಅವರ ಮೊದಲ ಸೂತ್ರ. ಎಣ್ಣೆ, ಖಾರ, ಕಾಳುಕಡಿ, ಹಸಿ ತರಕಾರಿಗಳು ಹೊಟ್ಟೆಯಲ್ಲಿ ನಿಧಾನವಾಗಿ ಅರಗುವುದರಿಂದ ಮರುದಿನ ಓಟದಲ್ಲಿ ಕಾಟ ಕೊಡುತ್ತವೆ. ಸಂಜೆ ಏಳಕ್ಕೆ ಬಿಸಿ ಅನ್ನ, ತಿಳಿಸಾರು, ಒಂದು ಬಾಳೆಹಣ್ಣು ಕೊಟ್ಟು, ಎಂಟೂವರೆಗೆ ದೀಪ ಆರಿಸಿ ಕತ್ತಲ ಕೋಣೆ ಕೊಟ್ಟರೆ ಅದೇ ಮಹದುಪಕಾರ. ಊರಿನ ಸುದ್ದಿಯೆಲ್ಲ ಸ್ಪರ್ಧೆ ಮುಗಿದ ಮೇಲೆ, ಹೋಳಿಗೆಯೂ ಆಗಲೇ. ಎರಡರ ರುಚಿಯೂ ಆಗ ಇಮ್ಮಡಿಯಾಗುವುದು.

ಇನ್ನು ಅಭ್ಯಾಸದ ಮಾತು. ಅರ್ಧದಳತೆಗೆ ಸಿದ್ಧರಾಗುವವರು ಅನೇಕ ತಿಂಗಳುಗಳ ಕಾಲ ವಾರಕ್ಕೆ ಎಂಟರಿಂದ ಹನ್ನೆರಡು ಗಂಟೆಗಳನ್ನು ಇದಕ್ಕೆ ಕೊಡುವುದು ಸಾಮಾನ್ಯ. ಸೈಕಲ್ಲಿನಿಂದ ಇಳಿದೊಡನೆ ಓಡುವ ಒಂದು ಅಭ್ಯಾಸವುಂಟು. ಅದನ್ನು ಅವರು 'ಬ್ರಿಕ್', ಅಂದರೆ ಇಟ್ಟಿಗೆ, ಎನ್ನುತ್ತಾರೆ. ಮೂರು ಗಂಟೆ ತುಳಿದ ಕಾಲು ನೆಲಕ್ಕೆ ಇಳಿದಾಗ ಇಟ್ಟಿಗೆ ಕಟ್ಟಿದಂತೆಯೇ ಇರುವುದರಿಂದ ಹೆಸರು ಒಪ್ಪುತ್ತದೆ. ಈ ಗಂಟೆಗಳು ಆಕಾಶದಿಂದ ಉದುರುವುದಿಲ್ಲ. ಗಂಡ ಭಾನುವಾರ ನಸುಕಿನಲ್ಲಿ ಸೈಕಲ್ಲೇರಿ ಹೋದರೆ ಹಾಲು, ಮಕ್ಕಳು, ಅತ್ತೆಯ ಔಷಧ, ಎಲ್ಲವೂ ಹೆಂಡತಿಯ ತಲೆಗೆ. ಹೆಂಡತಿಯೇ ಸ್ಪರ್ಧಿಯಾದಲ್ಲಿ ಅವಳು ಇವನ್ನೆಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ಓಡಬೇಕೆಂದು ನಿರೀಕ್ಷಿಸುವ ಮನೆಗಳೂ ಉಂಟು. ಈ ಅಸಮಾನತೆಯನ್ನು ಮನೆಯ ಹಿರಿಯರು ಗಮನಿಸತಕ್ಕದ್ದು. ವಾರದ ಆರಂಭದಲ್ಲಿಯೇ ಯಾರ ಹೊತ್ತು ಯಾವುದೆಂದು ಕುಳಿತು ಬರೆದುಕೊಳ್ಳುವ ದಂಪತಿಗಳಲ್ಲಿ ಈ ಆಟ ಬಾಳುತ್ತದೆ. ಉಳಿದೆಡೆ ಪದಕ ಗೋಡೆಗೆ ಬರುವುದು, ಮಾತು ಮನೆಯಿಂದ ಹೋಗುವುದು.

ಎಲ್ಲಕ್ಕಿಂತ ಗಂಭೀರವಾದುದು ನೀರಿನ ಮಾತು. ಸೊಲ್ಲಾಪುರ, ಜತ್ತ, ರಾಯದುರ್ಗ, ಹೊಸೂರುಗಳ ಒಣನಾಡಿನಲ್ಲಿ ಬೆಳೆದ ನಮ್ಮವರು ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು. ಅವರ ಮಕ್ಕಳು ನಗರದ ಕೊಳದಲ್ಲಿ ಕಲಿತವರು. ಬಾವಿಗೂ ಕೊಳಕ್ಕೂ ಗೋಡೆಯುಂಟು, ದಣಿದವನು ಹಿಡಿದುಕೊಳ್ಳಬಹುದು. ಕಡಲಿಗೆ ಗೋಡೆಯಿಲ್ಲ. ತಳ ಕಾಣದು, ಅಲೆ ಮುಖಕ್ಕೆ ಹೊಡೆಯುವುದು, ಸುತ್ತಲಿನವರ ಕೈಕಾಲು ತಗಲುವುದು. ದಾರಿ ತಪ್ಪದಂತೆ ಆಗಾಗ ತಲೆಯೆತ್ತಿ ತೇಲುಗುರುತನ್ನು ನೋಡಿಕೊಳ್ಳುತ್ತಿರಬೇಕು. ಕೊಳದಲ್ಲಿ ನೂರು ಸುತ್ತು ಹಾಕಿದವನಿಗೂ ಇದು ಬೇರೆ ವಿದ್ಯೆ.

ಅಮೆರಿಕದಲ್ಲಿ 1985ರಿಂದ 2016ರ ವರೆಗಿನ ಟ್ರಯಥ್ಲಾನ್‌ಗಳನ್ನು ಪರಿಶೀಲಿಸಿದ ವೈದ್ಯರ ವರದಿಯೊಂದು 2017ರಲ್ಲಿ ಪ್ರಕಟವಾಯಿತು. ಹಠಾತ್ ಮರಣ, ಹೃದಯಸ್ತಂಭನ, ಅಪಘಾತದ ಸಾವು ಸೇರಿ 135 ಪ್ರಕರಣಗಳು. ಅವುಗಳಲ್ಲಿ 90 ಈಜಿನ ಹಂತದಲ್ಲಿಯೇ ಆದವು. ಭಾಗವಹಿಸಿದವರ ಲೆಕ್ಕದಲ್ಲಿ ಇದು ಲಕ್ಷಕ್ಕೆ ಇಬ್ಬರಿಗಿಂತಲೂ ಕಡಿಮೆ, ಆದುದರಿಂದ ಭಯಪಡಬೇಕಾಗಿಲ್ಲ. ಆದರೆ ಹೀಗೆ ಬಿದ್ದವರಲ್ಲಿ ನೂರಕ್ಕೆ 85 ಮಂದಿ ಗಂಡಸರು, ಸರಾಸರಿ ವಯಸ್ಸು ಸುಮಾರು 47. ಅರುವತ್ತು ದಾಟಿದ ಗಂಡಸರಲ್ಲಿ ಪ್ರಮಾಣ ಲಕ್ಷಕ್ಕೆ 18ಕ್ಕೂ ಹೆಚ್ಚು. ಶವಪರೀಕ್ಷೆಯಲ್ಲಿ ಹಲವರ ಹೃದಯದೊಳಗೆ ಮೊದಲೇ ದೋಷವಿದ್ದುದು ಕಂಡುಬಂದಿತು. ಈ ಅಂಕಿಗಳು ಹೇಳುವುದಿಷ್ಟೆ: ನಲವತ್ತು ದಾಟಿ ಈ ಆಟಕ್ಕೆ ಇಳಿಯುವವನು ಶುಲ್ಕ ಕಟ್ಟುವ ಮೊದಲು ವೈದ್ಯರಲ್ಲಿ ಹೃದಯ ತೋರಿಸಿಕೊಳ್ಳಬೇಕು. ಈಜುವಾಗ ಎದೆ ಬಿಗಿದರೆ, ಉಸಿರು ಕಟ್ಟಿದರೆ, ಕೈಯೆತ್ತಿ ದೋಣಿಯವರನ್ನು ಕರೆಯುವುದು ಅವಮಾನವಲ್ಲ.

ನೀರು ಕುಡಿಯುವುದರಲ್ಲಿಯೂ ಒಂದು ಎಚ್ಚರ ಬೇಕು. ಬಾಯಾರದಿದ್ದರೂ ಬರಿಯ ನೀರನ್ನೇ ಗಂಟೆಗಟ್ಟಲೆ ಸುರಿದುಕೊಂಡರೆ ರಕ್ತದಲ್ಲಿನ ಉಪ್ಪಿನ ಅಂಶ ತಗ್ಗಿ, ತಲೆನೋವು, ವಾಂತಿ, ಮಂಕು, ಕಡೆಗೆ ಸೆಳವು ಬರುವ ಅಪಾಯವಿದೆ. ಬಾಯಾರಿಕೆಯನ್ನು ಅನುಸರಿಸಿ ಕುಡಿಯಬೇಕು, ಜೊತೆಗೆ ಉಪ್ಪು ಹಾಗೂ ಪಿಷ್ಟ ಇರಬೇಕು. ಗಂಟೆಗೆ 60 ಗ್ರಾಂ ಪಿಷ್ಟವೆಂದರೆ ಹೆಚ್ಚು ಕಡಿಮೆ ಎರಡು ಬಾಳೆಹಣ್ಣು, ಮೇಲೊಂದಿಷ್ಟು ಸಕ್ಕರೆ ನೀರು. ಇದನ್ನು ಮನೆಯವರೂ ತಿಳಿದಿದ್ದರೆ, ಗುರಿ ಮುಟ್ಟಿ ಮಂಕಾಗಿ ಕುಳಿತವನಿಗೆ ಇನ್ನೂ ಎರಡು ಲೋಟ ನೀರು ಕುಡಿಸುವ ಬದಲು ನೇರವಾಗಿ ವೈದ್ಯರ ಡೇರೆಗೆ ಒಯ್ಯುವರು.

ಆದಕಾರಣ ಮನೆಯಲ್ಲಿ ಯಾರಾದರೂ "ನಾನು ಗೋವೆಗೆ ಹೆಸರು ಕೊಟ್ಟಿದ್ದೇನೆ" ಎಂದಾಗ ತಾಯಿ ತಂದೆಯರಾಗಲಿ, ಸತಿಪತಿಯರಾಗಲಿ ಮೂರು ಪ್ರಶ್ನೆಗಳನ್ನು ಕೇಳಲಿ. ಕಡಲಿನಲ್ಲಿ ಜೊತೆಗಾರರೊಡನೆ ಎಷ್ಟು ಬಾರಿ ಈಜಿರುವೆ? ವೈದ್ಯರು ಏನೆಂದರು? ನೀನು ಓಡುವ ಗಂಟೆಗಳಲ್ಲಿ ಮನೆಯನ್ನು ನೋಡುವವರು ಯಾರು? ಮೂರಕ್ಕೂ ಸಮಾಧಾನವಾದ ಉತ್ತರ ಬಂದರೆ ಸಂತೋಷದಿಂದ ಹರಸಿ ಕಳುಹಿಸಲಿ. ಬರದಿದ್ದರೆ ಇನ್ನೊಂದು ವರ್ಷ ಕಾಯುವಂತೆ ಹೇಳಲಿ. ಸ್ಪರ್ಧೆ ಮುಂದಿನ ವರ್ಷವೂ ಬರುವುದು. ಮನೆಯ ಮಗ ಮತ್ತೆ ಬರುವುದಿಲ್ಲ.

ಇಷ್ಟು ಎಚ್ಚರ ಹೇಳಿದ ಮೇಲೆ, ಈ ಆಟ ಏಕಾದರೂ ಬೇಕು ಎಂದು ಯಾರಾದರೂ ಕೇಳಿದರೆ ಅವರಿಗೆ ಅಮೆರಿಕದ ಒಂದು ತಂದೆ ಮಗನ ಕಥೆ ಹೇಳಬಯಸುತ್ತೇನೆ. 1962ರಲ್ಲಿ ಹುಟ್ಟಿದ ರಿಕ್ ಹಾಯ್ಟ್‌ಗೆ ಹುಟ್ಟಿನಿಂದಲೇ ಮೆದುಳಿನ ಪಾರ್ಶ್ವವಾಯು. ಕೈಕಾಲು ಸ್ವಾಧೀನವಿಲ್ಲ, ಮಾತಿಲ್ಲ; ಯಂತ್ರದ ನೆರವಿನಿಂದ ಅಕ್ಷರ ಆರಿಸಿ ತನ್ನ ಮನಸ್ಸನ್ನು ತಿಳಿಸುತ್ತಿದ್ದ. 1977ರಲ್ಲಿ ಅವನು ಬಯಸಿದಂತೆ ತಂದೆ ಡಿಕ್ ಅವನ ಗಾಲಿಕುರ್ಚಿಯನ್ನು ತಳ್ಳಿಕೊಂಡು ಐದು ಮೈಲಿ ಓಡಿದರು. ಓಡುವಾಗ ತನಗೆ ಅಂಗವಿಕಲನೆಂಬ ಭಾವವೇ ಇರಲಿಲ್ಲವೆಂದು ಮಗ ಅಂದು ತಿಳಿಸಿದನಂತೆ. ತಂದೆಗೆ ಅಷ್ಟೇ ಸಾಕಾಯಿತು. 1989ರಲ್ಲಿ ಇಬ್ಬರೂ ಹವಾಯಿಯ ಐರನ್‌ಮ್ಯಾನ್ ಮುಗಿಸಿದರು. ಮಗನನ್ನು ಮಲಗಿಸಿದ ರಬ್ಬರು ದೋಣಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಈಜಿ, ಸೈಕಲ್ಲಿನ ಮುಂದಿನ ಆಸನದಲ್ಲಿ ಕೂರಿಸಿಕೊಂಡು ತುಳಿದು, ಕುರ್ಚಿಯಲ್ಲಿ ತಳ್ಳಿಕೊಂಡು ಓಡಿ ತಂದೆ ಗುರಿ ಮುಟ್ಟಿಸಿದರು. ಡಿಕ್ 2021ರಲ್ಲಿ, ರಿಕ್ 2023ರಲ್ಲಿ ತೀರಿಕೊಂಡರು.

ಆ ದಿನ ಇವರಿಗಿಂತ ವೇಗವಾಗಿ ಮುಟ್ಟಿದವರು ಹಲವರಿದ್ದರು. ಈ ತಂದೆ ಮಗನನ್ನು ಲೋಕ ಮರೆತಿಲ್ಲ. ಮನೆಯನ್ನು ಹಿಂದೆ ಬಿಟ್ಟು ಓಡುವುದು ಒಂದು ಬಗೆ, ಮನೆಯನ್ನು ಜೊತೆಗೆ ಕರೆದುಕೊಂಡು ಓಡುವುದು ಇನ್ನೊಂದು ಬಗೆ. ನಮ್ಮ ಮಕ್ಕಳು ಎರಡನೆಯದನ್ನು ಆರಿಸಿಕೊಳ್ಳಲಿ. ಅವರು ಗುರಿ ಮುಟ್ಟುವ ಹೊತ್ತಿಗೆ ನಾವೂ ಅಲ್ಲಿ ಒಂದು ಒಣಬಟ್ಟೆ, ಒಂದು ಬಾಳೆಹಣ್ಣು ಹಿಡಿದು ನಿಂತಿರೋಣ.