ಎಳೆದರೆ ಸಾಲದು, ನಿಲ್ಲಿಸಲೂ ಬರಬೇಕು

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯ ಜಿಲ್ಲೆಗಳ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್, ಮೇಲೆ ಆಳೆತ್ತರಕ್ಕೂ ಮಿಕ್ಕಿ ಪೇರಿಸಿದ ಕಬ್ಬು. ಜತೆಗೆ ಕಿವಿಗಡಚಿಕ್ಕುವ ಹಾಡು. ಅದರ ಬೆನ್ನಿಗೆ, ಕಾಲೇಜಿಗೆ ತಡವಾಯಿತೆಂದು ಬೈಕಿನಲ್ಲಿ ಸೈಡ್ ಹುಡುಕುತ್ತಿರುವ ನಾವು. ಟ್ರೇಲರ್ ಉರುಳಿತು, ಬೈಕ್ ಸವಾರ ಹಿಂದಿನಿಂದ ಗುದ್ದಿದ ಎಂಬ ಸುದ್ದಿ ಹಂಗಾಮಿನಲ್ಲಿ ಮತ್ತೆ ಮತ್ತೆ ಬರುತ್ತದೆ. 'ಚಾಲಕನ ಅಜಾಗರೂಕತೆ' ಎಂದು ಓದಿ ಪುಟ ತಿರುಗಿಸುತ್ತೇವೆ. ನನ್ನ ಪ್ರಕಾರ ಅದು ಅರ್ಧ ಸತ್ಯ ಮಾತ್ರ.

ನಮ್ಮೂರುಗಳಲ್ಲಿ ಟ್ರ್ಯಾಕ್ಟರಿನ ಬಗ್ಗೆ ಮಾತು ಬಂದರೆ ಮೊದಲ ಪ್ರಶ್ನೆ 'ಎಷ್ಟು ಎಚ್‌ಪಿ?' ಎಷ್ಟು ಎಳೆಯುತ್ತದೆ ಎಂಬುದೇ ಹೆಗ್ಗಳಿಕೆ. ನಿಲ್ಲಿಸುವ ಶಕ್ತಿ ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ. 45-50 ಎಚ್‌ಪಿ ಟ್ರ್ಯಾಕ್ಟರಿನ ತೂಕ ಸುಮಾರು 2 ಟನ್. ಹಿಂದಿನ ಹೇರು ಅದರ ಹಲವು ಪಟ್ಟು. ಕೆಳಗಿನ ಗೇರಿನಲ್ಲಿ ಅಷ್ಟನ್ನೂ ಎಳೆಯಬಹುದು. ಆದರೆ ಬಹಳಷ್ಟು ಟ್ರೇಲರ್‌ಗಳಿಗೆ ಸ್ವಂತ ಬ್ರೇಕೇ ಇರುವುದಿಲ್ಲ. ಇಡೀ ಸಾಲನ್ನು ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳೇ ತಡೆಯಬೇಕು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಟ್ರ್ಯಾಕ್ಟರ್ ನಿಧಾನವಾಗುತ್ತದೆ, ಹಿಂದಿನ ಭಾರ ಮುಂದಕ್ಕೆ ನುಗ್ಗುತ್ತದೆ. ತಿರುವಿನಲ್ಲಾದರೆ ಟ್ರ್ಯಾಕ್ಟರನ್ನೇ ಅಡ್ಡ ತಿರುಗಿಸಿ ಮಡಚಿಬಿಡುತ್ತದೆ. ಆಗ ಚಾಲಕ ಎಷ್ಟೇ ಪಳಗಿದವನಾಗಿದ್ದರೂ ಮಾಡಬಹುದಾದದ್ದು ಕಡಿಮೆ.

ಟ್ರೇಲರ್ ಹಾವಿನಂತೆ ಅತ್ತಿತ್ತ ಓಲಾಡುವುದಕ್ಕೂ ಕಾರಣಗಳಿವೆ. ಭಾರ ಹಿಂಬದಿಗೆ ಹೆಚ್ಚಾಗಿರುವುದು, ಕೊಂಡಿಯ ಪಿನ್ ಸವೆದು ಸಡಿಲವಾಗಿರುವುದು, ಟೈರಿನಲ್ಲಿ ಗಾಳಿ ಹೆಚ್ಚು ಕಡಿಮೆ ಇರುವುದು. ಇವುಗಳ ಮೇಲೆ ವೇಗವೂ ಸೇರಿದರೆ ಸಣ್ಣ ಓಲಾಟ ದೊಡ್ಡದಾಗುತ್ತದೆ. ಅಮೆರಿಕದಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಪ್ರವಾಸ ಹೋಗುವ ಮನೆಗಾಡಿಗಳಿಗೆ ಒಂದು ಲೆಕ್ಕವಿದೆ: ಗಾಡಿಯ ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ನಮ್ಮ ಎರಡು ಗಾಲಿಯ ಟ್ರೇಲರ್‌ಗೂ ತತ್ವ ಅದೇ. ಕೊಂಡಿಯ ಮೇಲೆ ಭಾರ ಕಡಿಮೆಯಾದರೆ ಹಿಂಭಾಗ ಓಲಾಡುತ್ತದೆ, ಅತಿಯಾದರೆ ಟ್ರ್ಯಾಕ್ಟರಿನ ಮುಂದಿನ ಗಾಲಿ ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ನಾಲ್ಕು ಗಾಲಿಯದಾದರೆ ಭಾರ ಎಲ್ಲ ಕಡೆ ಸಮನಾಗಿ, ಆದಷ್ಟು ತಗ್ಗಿನಲ್ಲಿ ಕೂರಬೇಕು. ಕಬ್ಬಿನ ರಾಶಿ ಎತ್ತರವಾದಷ್ಟೂ ಉರುಳುವುದು ಸುಲಭ.

ರಸ್ತೆಗಿಳಿಯುವ ಮುನ್ನ ಮಾಡಬೇಕಾದ ಕೆಲವು ಕೆಲಸಗಳಿಗೆ ಐದು ನಿಮಿಷವೂ ಬೇಡ. ಟ್ರ್ಯಾಕ್ಟರಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಬ್ರೇಕ್ ಪೆಡಲ್ ಇರುತ್ತವೆ. ಹೊಲದಲ್ಲಿ ಚಿಕ್ಕ ಜಾಗದಲ್ಲಿ ತಿರುಗಲು ಅದು ಅನುಕೂಲ. ರಸ್ತೆಯಲ್ಲಿ ಒಂದನ್ನೇ ಒತ್ತಿದರೆ ಗಾಡಿ ಆ ಕಡೆಗೇ ಎಳೆದುಕೊಳ್ಳುತ್ತದೆ. ಅದಕ್ಕೇ ಎರಡನ್ನೂ ಜೋಡಿಸುವ ಕೊಕ್ಕೆ ಕೊಟ್ಟಿರುತ್ತಾರೆ, ಅದನ್ನು ಹಾಕಬೇಕು. ಕೊಂಡಿಯ ಪಿನ್ನಿಗೆ ಲಾಕ್ ಇರಬೇಕು, ಪಿನ್ ಕಳಚಿದರೂ ಟ್ರೇಲರ್ ಬಿಟ್ಟುಹೋಗದಂತೆ ಸರಪಳಿ ಇರಬೇಕು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು ಜೀವ ಕಳೆಯುವ ಉಳಿತಾಯ. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಓಲಾಟ ಶುರುವಾದರೆ ಸ್ಟೀರಿಂಗ್ ಎಳೆದಾಡದೆ, ಬ್ರೇಕ್ ಜೋರಾಗಿ ಒತ್ತದೆ, ಎಕ್ಸಿಲರೇಟರ್ ಬಿಟ್ಟು ನೇರವಾಗಿ ಹಿಡಿದು ವೇಗ ಇಳಿಸಬೇಕು.

ಬೈಕ್ ಓಡಿಸುವ ನಮ್ಮ ಲೆಕ್ಕವನ್ನೂ ನೋಡೋಣ. 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಮುಂದಿರುವುದನ್ನು ಕಂಡು ಬ್ರೇಕಿಗೆ ಕೈ ಹಾಕಲು ಒಂದೂವರೆ ಸೆಕೆಂಡ್ ಹಿಡಿದರೆ, ಅಷ್ಟರಲ್ಲೇ 25 ಮೀಟರ್ ಮುಗಿದಿರುತ್ತದೆ. ಒಣ ರಸ್ತೆಯಲ್ಲೂ ಗಾಡಿ ನಿಲ್ಲಲು ಇನ್ನೂ 20 ಮೀಟರಿಗಿಂತ ಹೆಚ್ಚು ಬೇಕು. ಟೇಲ್ ಲೈಟ್ ಇಲ್ಲದ, ಕಬ್ಬಿನ ತುದಿಗಳು ಹೊರಚಾಚಿದ ಟ್ರೇಲರ್ ರಾತ್ರಿ ಎಷ್ಟು ದೂರದಿಂದ ಕಂಡೀತು? ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಇದ್ದಿದ್ದರೆ ಬೈಕಿನ ಬೆಳಕಿಗೇ ಅದು ದೂರದಿಂದ ಹೊಳೆಯುತ್ತದೆ.

ಕಾನೂನು ಇಲ್ಲವೆಂದಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಮಿತಿ ಮೀರಿ ಭಾರ ಹೇರಿದರೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಸರಕು ಗಾಡಿಯ ಅಂಚು ದಾಟಿ ಚಾಚಿಕೊಂಡಿದ್ದರೂ 20,000 ರೂಪಾಯಿ. ಆದರೆ ಸಾಗಣೆಯ ಕೂಲಿ ಸಿಗುವುದು ಟನ್ ಲೆಕ್ಕದಲ್ಲಿ. ಟ್ರ್ಯಾಕ್ಟರಿನ ಸಾಲದ ಕಂತು ಕಟ್ಟಬೇಕಾದವನಿಗೆ ಒಂದೇ ಟ್ರಿಪ್ಪಿನಲ್ಲಿ ಹೆಚ್ಚು ಹೇರುವುದು ಲಾಭ. ರಾತ್ರಿಯೆಲ್ಲ ಸರದಿಯಲ್ಲಿ ಕಾದು, ನಿದ್ದೆಗೆಟ್ಟು ಮರಳುವವನಿಗೆ ಬರೀ ಬುದ್ಧಿಮಾತು ಹೇಳಿದರೆ ಏನು ಬದಲಾದೀತು?

ಪೊಲೀಸರು ಪ್ರತಿ ತಿರುವಿನಲ್ಲೂ ನಿಲ್ಲಲಾರರು. ಆದರೆ ಕಬ್ಬು ಹೊತ್ತ ಪ್ರತಿ ಗಾಡಿಯೂ ಕಾರ್ಖಾನೆಯ ತೂಕದ ಸೇತುವೆ ಹತ್ತಲೇಬೇಕು. ಯಾವ ಗಾಡಿ ಎಷ್ಟು ಹೊತ್ತು ತಂದಿತೆಂಬ ಲೆಕ್ಕ ಅಲ್ಲಿಯೇ ಇದೆ. ಮಿತಿ ಮೀರಿದ ಭಾರಕ್ಕೆ ಸಾಗಣೆ ಕೂಲಿ ಇಲ್ಲ, ರಿಫ್ಲೆಕ್ಟರ್, ಟೇಲ್ ಲೈಟ್, ಪಿನ್ ಲಾಕ್ ಇಲ್ಲದ ಗಾಡಿಗೆ ಮುಂದಿನ ಟ್ರಿಪ್ ಇಲ್ಲ ಎಂದು ಕಾರ್ಖಾನೆಗಳು ತೀರ್ಮಾನಿಸಿದರೆ ಪರಿಸ್ಥಿತಿ ಬೇಗ ಸುಧಾರಿಸುತ್ತದೆ. ಸಾಗಣೆ ದರವನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಬೇಕು. ಇಲ್ಲದಿದ್ದರೆ ಸುರಕ್ಷತೆಯ ಖರ್ಚೆಲ್ಲ ಬಡ ಚಾಲಕನ ತಲೆಗೇ ಬರುತ್ತದೆ.

ನಮ್ಮ ವಯಸ್ಸಿನವರ ಪಾಲೂ ಇದರಲ್ಲಿದೆ. ಮುಂದಿನ ಗಾಲಿ ಎತ್ತಿ ಟ್ರ್ಯಾಕ್ಟರ್ ಓಡಿಸುವ ರೀಲ್ಸ್‌ಗೆ ಲೈಕ್ ಒತ್ತುವವರು ನಾವೇ. ಅದು ಶೌರ್ಯವಲ್ಲ, ಸ್ಟೀರಿಂಗ್ ಕೈತಪ್ಪಿದ ಗಾಡಿ. ಟ್ರ್ಯಾಕ್ಟರ್ ಓಡಿಸುವುದು 'ಓದು ತಲೆಗೆ ಹತ್ತದವರ ಕೆಲಸ' ಎಂಬ ತಾತ್ಸಾರವನ್ನೂ ಬಿಡಬೇಕು. ಅದು ಕಲಿತು ಮಾಡುವ ಕಸುಬು. ಬಳ್ಳಾರಿಯ ಆಚೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷೆಗೆಂದೇ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಕೆಲಸ ಹುಡುಕುತ್ತಿರುವ ಹಳ್ಳಿಯ ಯುವಕರು ಇಂಥ ತರಬೇತಿಯತ್ತ ನೋಡಬಹುದು. ಐಟಿಐ, ಡಿಪ್ಲೊಮಾ ಓದುವವರು ಕಡಿಮೆ ಖರ್ಚಿನ ಟ್ರೇಲರ್ ಬ್ರೇಕನ್ನೇ ಪ್ರಾಜೆಕ್ಟ್ ಮಾಡಿಕೊಳ್ಳಬಹುದು. ಎನ್‌ಎಸ್‌ಎಸ್ ಘಟಕಗಳು ಹಂಗಾಮಿನ ಮೊದಲ ವಾರ ಕಾರ್ಖಾನೆಯ ಗೇಟಿನಲ್ಲಿ ನಿಂತು ರಿಫ್ಲೆಕ್ಟರ್ ಅಂಟಿಸಬಹುದು.

ಕಬ್ಬು ಸಾಗಲೇಬೇಕು, ರೈತನ ಬದುಕು ಅದರಲ್ಲಿದೆ. ಆದರೆ ಅದನ್ನು ಸಾಗಿಸುವವನೂ, ಅದರ ಹಿಂದೆ ಬರುವವನೂ ಸಂಜೆ ಮನೆ ಸೇರಬೇಕು. ಎರಡೂ ಸಾಧ್ಯ. ಮುಂದಿನ ಹಂಗಾಮಿನ ಮೊದಲ ಗಾಡಿ ತೂಕಕ್ಕೆ ಬರುವ ಮುನ್ನವೇ ಕಾರ್ಖಾನೆಗಳು ಈ ನಿಯಮ ತರಲಿ.