ಹಾಡಿಯ ಮಕ್ಕಳ ಪಾಠ ಹಾಡಿಯವರ ಕೈಯಲ್ಲಿರಲಿ



ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಮ್ಮ ಸಂಘದ ವಿದ್ಯಾರ್ಥಿ ಸಹಾಯ ನಿಧಿಯಿಂದ ಹಾಡಿಯ ಮಕ್ಕಳಿಗೆ ನೋಟ್‌ಬುಕ್ಕು, ಕೊಡೆಗಳನ್ನು ಹಂಚುತ್ತೇವೆ. ಅಧ್ಯಕ್ಷರ ಭಾಷಣವಾಗುತ್ತದೆ, ಫೋಟೋ ತೆಗೆಸುತ್ತೇವೆ, ಕಾಫಿ ಕುಡಿದು ಮನೆಗೆ ಹೋಗುತ್ತೇವೆ. ಕೊಯ್ಲಿನ ಕಾಲಕ್ಕೆ ಆ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿರುವುದಿಲ್ಲ. ಅವರು ಎಲ್ಲಿರುತ್ತಾರೆಂದು ನಾವು ಯಾರನ್ನೂ ಕೇಳಬೇಕಾಗಿಲ್ಲ. ತಾಯಂದಿರ ಜೊತೆಗೆ ನಮ್ಮ ತೋಟಗಳಲ್ಲಿಯೇ ಇರುತ್ತಾರೆ. ಒಂದು ವರ್ಷ ನಮ್ಮ ತೋಟದಲ್ಲಿಯೂ ಹಾಗೆ ಒಬ್ಬ ಹುಡುಗನಿದ್ದ. ಹಣ್ಣು ಉದುರುತ್ತಿದ್ದ ಅವಸರದಲ್ಲಿ ನಾವು ಕಂಡೂ ಕಾಣದಂತೆ ಇದ್ದೆವು. ಅವನು ಮತ್ತೆ ಶಾಲೆಗೆ ಹೋಗಲಿಲ್ಲ. ಈ ಮಾತನ್ನು ಮೊದಲು ಒಪ್ಪಿಕೊಂಡೇ ಮುಂದಿನದನ್ನು ಬರೆಯುತ್ತಿದ್ದೇವೆ.

ಹಿಂದೊಮ್ಮೆ ನಾವು ಕೆಲವು ಸದಸ್ಯರು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆವು. ನೋಡಲು ಹೋದದ್ದು ಕಾಡುಮರಗಳ ನೆರಳಿನಲ್ಲಿ ಸೋಲಿಗರು ಬೆಳೆಯುವ ಕಾಫಿಯನ್ನು. ಕಲಿತು ಬಂದದ್ದು ಬೇರೆ ಪಾಠವನ್ನು. ಸೋಲಿಗರಿಗೆ ಬೆಟ್ಟದ ರಂಗನಾಥ ದೇವರಷ್ಟೇ ಅಲ್ಲ, ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದ ಭಾವ. ಹೀಗೆ ದೇವರೊಡನೆ ನಂಟಸ್ತನವಿದ್ದ ಜನಕ್ಕೆ ಕಾಡಿನೊಡನೆ ಇದ್ದ ನಂಟು ಮಾತ್ರ ಕಾನೂನಿನ ಕಣ್ಣಿಗೆ ಬೀಳಲಿಲ್ಲ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಬೇಟೆ ನಿಂತಿತು, ಕುಮರಿ ಬೇಸಾಯ ನಿಂತಿತು, ಬೇಸಗೆಯ ಮೊದಲಲ್ಲಿ ಒಣಗಿದೆಲೆಗೆ ಹಾಕುತ್ತಿದ್ದ ‘ತರಗು ಬೆಂಕಿ’ಯೂ ನಿಂತಿತು. ಮುಂದೆ ಜೇನು, ನೆಲ್ಲಿಕಾಯಿಗಳ ಮಾರಾಟಕ್ಕೂ ತಡೆ ಬಿತ್ತು.

ಆ ತರಗು ಬೆಂಕಿ ನೆಲದ ಕಸವನ್ನು ಮಾತ್ರ ಸುಟ್ಟು, ದೊಡ್ಡ ಬೆಂಕಿಗೆ ಎಡೆ ಕೊಡದೆ, ಲಂಟಾನದ ಎಳೆ ಗಿಡಗಳನ್ನು ತಡೆಯುತ್ತಿತ್ತೆಂದು ಅಲ್ಲಿಯ ಹಿರಿಯರು ಬಹುಕಾಲದಿಂದ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ. 1997ರಿಂದ 2008ರವರೆಗಿನ ಅವಧಿಯಲ್ಲಿ ಅದೇ ಕಾಡಿನಲ್ಲಿ ಲಂಟಾನ ಎರಡರಷ್ಟು ಜಾಗಕ್ಕೆ ಹಬ್ಬಿದ್ದನ್ನು ಸಂಶೋಧಕರು ಅಳೆದು ತೋರಿಸಿದ ಮೇಲೆ, ಹಿರಿಯರ ಮಾತನ್ನು ವಿದ್ಯಾವಂತರು ಬರೆದುಕೊಳ್ಳತೊಡಗಿದರು. ಯಾರೂ ಕಾಡಿಗೆ ಬೆಂಕಿ ಇಡಲಿ ಎಂದು ನಾವು ಹೇಳುತ್ತಿಲ್ಲ. ಗೊತ್ತಿದ್ದವರನ್ನು ಕೇಳದೆ ಹೋದರೆ ಆಗುವ ನಷ್ಟ ಎಷ್ಟೆಂದು ಹೇಳುತ್ತಿದ್ದೇವೆ.

ನಮ್ಮ ಮನಸ್ಸಿಗೆ ಹಿಡಿಸಿದ ಸಂಗತಿ ಇನ್ನೊಂದಿದೆ. ಸೋಲಿಗರ ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ ‘ಎಲ್ಲೆ’ ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ನೆಲೆಗಳಿವೆ. ಸೋಲಿಗ ಯುವಕರು ಹಿರಿಯರನ್ನು ಮುಂದಿಟ್ಟುಕೊಂಡು, ಏಟ್ರೀ ಸಂಶೋಧನಾ ಸಂಸ್ಥೆಯವರ ನೆರವಿನಿಂದ, ಕೈಯಲ್ಲಿ ಜಿಪಿಎಸ್ ಯಂತ್ರ ಹಿಡಿದು ನಡೆದು ಇಂಥ ನೂರಾರು ನೆಲೆಗಳನ್ನು ನಕ್ಷೆಯ ಮೇಲೆ ಗುರುತಿಸಿದರು. ಅಜ್ಜ ಜಾಗ ತೋರಿಸಿದ, ಮೊಮ್ಮಗ ಗುರುತು ಹಾಕಿದ. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದಾಗ ಇನ್ನೇನು ಒಕ್ಕಲೆಬ್ಬಿಸುತ್ತಾರೆಂಬ ಭಯವಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ, 2006ರ ಅರಣ್ಯ ಹಕ್ಕು ಕಾಯಿದೆಯಡಿ ಅಲ್ಲಿಯ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. ಪೋಡು ಪೋಡುಗಳಲ್ಲಿ ತಮ್ಮದೇ ಸಂಘ ಕಟ್ಟಿಕೊಂಡಿದ್ದರಿಂದ ಇದು ಸಾಧ್ಯವಾಯಿತು. ಸಹಕಾರಿಗಳಾದ ನಮಗೆ ಇದರ ಅರ್ಥ ಬೇರೆ ಹೇಳಬೇಕಾಗಿಲ್ಲ.

ಶಾಲೆಯನ್ನು ಮರೆತು ಅವರು ಇದನ್ನು ಮಾಡಲಿಲ್ಲ. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಲ್ಲಿ ಅನೇಕ ಸೋಲಿಗ ಮಕ್ಕಳು ಅಕ್ಷರ ಕಲಿತರು. ಈಗ ಅವರಲ್ಲಿ ಶಿಕ್ಷಕರಿದ್ದಾರೆ, ಡಾಕ್ಟರೇಟ್ ಪಡೆದವರೂ ಇದ್ದಾರೆ. ಅರ್ಜಿ ಬರೆಯಲು ಅಕ್ಷರ ಬೇಕಾಯಿತು, ಅರ್ಜಿಯಲ್ಲಿ ಏನು ಬರೆಯಬೇಕೆಂದು ತಿಳಿಯಲು ಅಜ್ಜನ ಕಾಡು ಬೇಕಾಯಿತು. ಎರಡರಲ್ಲಿ ಒಂದಿಲ್ಲದಿದ್ದರೂ ಕೆಲಸ ಕೆಡುತ್ತಿತ್ತು.

ಇನ್ನು ನಮ್ಮ ಊರಿನ ಮಾತು. ಹಾಡಿಯ ಮಕ್ಕಳು ಓದಿ ಹೋದರೆ ಹಣ್ಣು ಕೊಯ್ಯುವವರು ಯಾರು, ಕೊನೆ ತೆಗೆಯುವವರು ಯಾರು ಎಂದು ಕೆಲವು ಸದಸ್ಯರು ನೇರವಾಗಿಯೇ ಕೇಳಿದ್ದಾರೆ. ನಮ್ಮ ಮಕ್ಕಳು ಓದಿ ಬೆಂಗಳೂರು ಸೇರಿದಾಗ ತೋಟ ನೋಡುವವರು ಯಾರೆಂದು ನಾವು ಅವರನ್ನು ಶಾಲೆಯಿಂದ ಬಿಡಿಸಲಿಲ್ಲವಷ್ಟೆ? ಆಳಿನ ಕೊರತೆ ನಿಜ. ಅದಕ್ಕೆ ಒಳ್ಳೆಯ ಕೂಲಿ, ವಾಸಕ್ಕೆ ಯೋಗ್ಯವಾದ ಲೈನು ಮನೆಗಳೇ ಉತ್ತರ. ಇನ್ನೊಬ್ಬರ ಅಜ್ಞಾನದ ಮೇಲೆ ನಿಂತ ತೋಟ ಬಹಳ ದಿನ ನಿಲ್ಲದು.

ಕಾಡಿನ ತಿಳಿವಳಿಕೆ ನಮಗೇಕೆ ಎನ್ನುವವರಿಗೂ ಒಂದು ಮಾತು. ನಾವು ಕಾಡುಮರ ಕಡಿದು ಸಿಲ್ವರ್ ಓಕ್ ನೆಟ್ಟೆವು. ಈಗ ಮಿಶ್ರ ನೆರಳು ಬೇಕೆಂದು ಸಸಿ ಹುಡುಕುತ್ತಿದ್ದೇವೆ. ಯಾವ ಮರ ಎಲ್ಲಿ ಬರುತ್ತದೆ, ಬೀಜ ಯಾವಾಗ ಬೀಳುತ್ತದೆ ಎಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಹಾಡಿಯ ಮುದುಕರಿಗೆ ಗೊತ್ತು. ಅವರು ಹೋದ ಮೇಲೆ ಯಾರಿಗೂ ಗೊತ್ತಿರುವುದಿಲ್ಲ.

ಆದುದರಿಂದ ಬರುವ ಸರ್ವಸದಸ್ಯರ ಸಭೆಯ ಮುಂದೆ ಮೂರು ಸಲಹೆಗಳನ್ನು ಇಡಬಯಸುತ್ತೇವೆ. ಒಂದು, ಸಹಾಯ ನಿಧಿಯನ್ನು ಹೇಗೆ ಖರ್ಚು ಮಾಡಬೇಕೆಂದು ಹಾಡಿಯ ಹಿರಿಯರು ಮತ್ತು ಓದಿದ ಯುವಕ ಯುವತಿಯರ ಸಮಿತಿಯೇ ನಿರ್ಧರಿಸಲಿ. ನಾವು ಲೆಕ್ಕ ಮಾತ್ರ ನೋಡೋಣ. ಎರಡು, ರಜಾ ದಿನಗಳಲ್ಲಿ ಮಕ್ಕಳಿಗೆ ಕಾಡು, ಹಾಡು, ಮದ್ದುಗಳನ್ನು ಕಲಿಸುವ ಹಿರಿಯರಿಗೆ ಒಂದು ದಿನದ ಪೂರ್ಣ ಕೂಲಿಗೆ ಕಡಿಮೆಯಾಗದ ಸಂಭಾವನೆ ಸಲ್ಲಲಿ. ನೆರಳಿನ ಮರಗಳ ಸಸಿಮಡಿಯನ್ನು ಹಾಡಿಯಲ್ಲಿಯೇ ಮಾಡಿಸಿ ಸದಸ್ಯರು ಬೆಲೆ ಕೊಟ್ಟು ಕೊಳ್ಳಲಿ. ಮೂರು, ಕೊಯ್ಲಿನ ಕಾಲದಲ್ಲಿ ಶಾಲೆಯ ವಯಸ್ಸಿನ ಮಗು ಯಾವ ಸದಸ್ಯರ ತೋಟದಲ್ಲಿಯೂ ಕೆಲಸಕ್ಕೆ ನಿಲ್ಲಬಾರದು.

ಮೂರನೆಯದಕ್ಕೆ ಹಣ ಬೇಕಾಗಿಲ್ಲ, ಠರಾವೂ ಬೇಕಾಗಿಲ್ಲ. ಅದನ್ನು ನಾಳೆ ಬೆಳಿಗ್ಗೆ ಆಳುಗಳ ಹಾಜರಿ ಹಾಕುವಾಗಲೇ ಆರಂಭಿಸಬಹುದು. ನಮ್ಮ ತೋಟದಲ್ಲಿ ಆರಂಭಿಸಿದ್ದೇವೆ.